ಕಾಡಲ್ಲಿ ಒಂಟಿಯಾದ ಮಗು ಕತೆಯಲ್ಲಿ ಬದುಕಿ ಬರೋದು ಹೇಗೆ? ಕೊಡಗಿನ ನಮ್ಮ ಮಕ್ಕಳ ಬರವಣಿಗೆಗೆ ಸಹಾಯ ಬೇಕು

ಶನಿವಾರದ ಓದು

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಹತ್ತಿರದ ಒಂದು ಊರಲ್ಲಿ ಶನಿವಾರ ಮಧ್ಯಾಹ್ನ ಹತ್ತು ಹನ್ನೆರಡು ಮಕ್ಕಳನ್ನು ಕೂರಿಸಿಕೊಂಡು ಕತೆ ಓದಿಸುತ್ತೇನೆ. ಏಳನೇ, ಎಂಟನೇ ಕ್ಲಾಸಿನವರು. ಈ ಸಲ ಮಳೆ ಹಿಡಿದ ಮೇಲೆ ಕಾಡಲ್ಲೋ ಕಡಲಲ್ಲೋ ಸಿಕ್ಕಿಬಿದ್ದ ಮಕ್ಕಳ ಕಾದಂಬರಿಗಳನ್ನು ಎತ್ತಿಕೊಂಡೆವು. ಇಂಗ್ಲಿಷಿನಲ್ಲಿ ಇರುವುದನ್ನು ನಾನೇ ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ.

ಮೊದಲನೆಯದು ಗ್ಯಾರಿ ಪಾಲ್ಸನ್ ಬರೆದ ‘ಹ್ಯಾಚೆಟ್’. ಬ್ರಯಾನ್ ಅಂತ 13 ವರ್ಷದ ಹುಡುಗ. ಪುಟ್ಟ ವಿಮಾನದಲ್ಲಿ ಅಪ್ಪನನ್ನು ನೋಡಲು ಹೊರಟಿದ್ದಾನೆ. ಪೈಲಟ್‌ಗೆ ಹೃದಯಾಘಾತ ಆಗಿ ವಿಮಾನ ಕೆನಡಾದ ಕಾಡಿನ ನಡುವೆ ಕೆರೆಗೆ ಬೀಳುತ್ತದೆ. ಹುಡುಗನ ಸೊಂಟದಲ್ಲಿ ಅಮ್ಮ ಕೊಟ್ಟ ಒಂದು ಕೈಕೊಡಲಿ ಬಿಟ್ಟರೆ ಬೇರೆ ಏನೂ ಇಲ್ಲ. ಅಲ್ಲಿ 54 ದಿನ ಇರುತ್ತಾನೆ.

ಮಕ್ಕಳು ಅಲುಗಾಡದೆ ಕೇಳಿದರು. ಮುಗಿದ ಮೇಲೆ, "ಈಗ ನೀವು ಬರೀರಿ. ನಮ್ಮ ಕಾಡು, ನಮ್ಮ ಮಳೆ" ಅಂದೆ. ಹನ್ನೊಂದು ಕತೆ ಬಂದವು. ಅದರಲ್ಲಿ ಒಂಬತ್ತರಲ್ಲಿ ಎರಡನೇ ಪುಟಕ್ಕೇ ಹೀರೋ ಹುಲಿಯನ್ನು ಕೊಂದಿದ್ದಾನೆ. ಅವನಿಗೆ ಧೈರ್ಯ ಇತ್ತು, ಗೆದ್ದ. ಹಾಗಾಗಿ ಓದುವವರಿಗೆ ಹೆದರಿಕೆಯೇ ಆಗುವುದಿಲ್ಲ.

ಬ್ರಯಾನ್ ಬೆಂಕಿ ಮಾಡುವ ಜಾಗವನ್ನು ಮತ್ತೆ ಓದಿದೆ. ರಾತ್ರಿ ಗುಹೆಯೊಳಗೆ ಮುಳ್ಳುಹಂದಿ ಬರುತ್ತದೆ. ಕತ್ತಲಲ್ಲಿ ಹೆದರಿ ಕೊಡಲಿ ಎಸೆಯುತ್ತಾನೆ. ಕೊಡಲಿ ಬಂಡೆಗೆ ಬಡಿದು ಕಿಡಿ ಹಾರುತ್ತದೆ. ಆ ಹೊತ್ತಿಗೆ ಅವನಿಗೆ ಏನೂ ಹೊಳೆಯುವುದಿಲ್ಲ, ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ಅಳುತ್ತಾನೆ. ಆ ಕಿಡಿಯ ಅರ್ಥ ತಿಳಿಯುವುದು ಆಮೇಲೆ. ಒಣ ಹುಲ್ಲಿಗೆ ಕಿಡಿ ಬೀಳಿಸಿದರೆ ಹೊತ್ತುವುದಿಲ್ಲ, ಕಡ್ಡಿಗೂ ಹೊತ್ತುವುದಿಲ್ಲ. ಬರ್ಚ್ ಮರದ ತೊಗಟೆಯನ್ನು ಕೂದಲಿನಷ್ಟು ತೆಳುವಾಗಿ ಸುಲಿದು ಗೂಡು ಮಾಡುತ್ತಾನೆ. ಕಿಡಿ ಹಿಡಿದು ಮತ್ತೆ ಆರುತ್ತದೆ. ಬೆಂಕಿಗೆ ಗಾಳಿ ಬೇಕು ಅಂತ ಆಗ ನೆನಪಾಗಿ ಊದುತ್ತಾನೆ. ಇಷ್ಟು ಪುಟಗಳಲ್ಲಿ ‘ಧೈರ್ಯದಿಂದ’ ಅನ್ನುವ ಮಾತಿಗೆ ಕೆಲಸವೇ ಇಲ್ಲ. ಹುಡುಗ ಕಣ್ಣು ಬಿಟ್ಟು ನೋಡುತ್ತಾನೆ, ಅಷ್ಟೇ.

ನನ್ನ ಪ್ರಶ್ನೆ ಇದು. ನಮ್ಮ ಊರಿನ ಮಗು ಇಲ್ಲಿ ಸಿಕ್ಕಿಬಿದ್ದರೆ ಏನನ್ನು ನೋಡುತ್ತದೆ? ಕಾಡು, ತೋಟ ಬಲ್ಲವರು ಇಲ್ಲಿ ತುಂಬಾ ಜನ ಇದ್ದೀರಿ. ದಯವಿಟ್ಟು ಬರೀರಿ.

ಬೆಟ್ಟದ ದಾರಿ

ಒಳ್ಳೆ ಚರ್ಚೆ ಎತ್ತಿದಿರಿ. ಆ ಪುಸ್ತಕದಲ್ಲಿ ನನಗೆ ಹಿಡಿಸಿದ್ದು ಹುಡುಗ ಮಾಡುವ ತಪ್ಪುಗಳು. ಹಸಿವು ತಾಳಲಾರದೆ ಗೊತ್ತಿಲ್ಲದ ಹಣ್ಣು ತಿಂದು ರಾತ್ರಿಯೆಲ್ಲ ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತಾನೆ. ಮೀನಿಗೆ ಈಟಿ ಹಾಕುತ್ತಾನೆ, ಹಾಕುತ್ತಾನೆ, ಒಂದೂ ಸಿಗುವುದಿಲ್ಲ. ನೀರಲ್ಲಿ ಮೀನು ಇರುವ ಜಾಗ ಬೇರೆ, ಕಾಣುವ ಜಾಗ ಬೇರೆ ಅಂತ ಗೊತ್ತಾಗಲು ದಿನಗಳೇ ಬೇಕಾಗುತ್ತವೆ. ಮೀನಿಗಿಂತ ಸ್ವಲ್ಪ ಕೆಳಗೆ ಗುರಿ ಇಟ್ಟಾಗಲೇ ಊಟ.

ನಿಮ್ಮ ಮಕ್ಕಳಿಗೆ ಒಂದು ಷರತ್ತು ಹಾಕಿ ನೋಡಿ. ಹೀರೋ ಗೆಲ್ಲುವ ಮೊದಲು ಎರಡು ಸಲ ಸೋಲಬೇಕು. ಆ ಸೋಲಿನಿಂದ ಏನಾದರೂ ಕಳೆದುಹೋಗಿರಬೇಕು. ಚಪ್ಪಲಿ, ಊಟ, ಒಂದು ಇಡೀ ಹಗಲು, ಏನಾದರೂ ಸರಿ.

ರೊಬಸ್ಟಾ

ನಮ್ಮದು ಸಿದ್ದಾಪುರ ಕಡೆ. ಹುಲಿಗಿಂತ ಮೊದಲು ಇಲ್ಲಿ ಆನೆ ಅಲ್ವಾ? ಮಕ್ಕಳ ಕತೆಯಲ್ಲಿ ಆನೆ ಬಂದರೆ ಘೀಳಿಟ್ಟುಕೊಂಡೇ ಬರುತ್ತದೆ. ತೋಟದಲ್ಲಿ ಬೆಳೆದವರಿಗೆ ಗೊತ್ತು, ಜಾಸ್ತಿ ಹೆದರಬೇಕಾದ್ದು ಸದ್ದಿಲ್ಲದೆ ನಿಂತ ಆನೆಗೆ.

ನನಗೆ ಹದಿನಾಲ್ಕು ಇದ್ದಾಗ ನಡೆದದ್ದು ಹೇಳ್ತೇನೆ. ಬೆಳಗ್ಗೆ ಮಾವನ ಜೊತೆ ತೋಟಕ್ಕೆ ಹೊರಟಿದ್ದೆ. ಮಂಜು ಎಷ್ಟಿತ್ತೆಂದರೆ ಮುಂದಿನ ಸಾಲಿನ ಗಿಡ ಕಾಣುತ್ತಿರಲಿಲ್ಲ. ಹಲಸು ಹಣ್ಣಾಗುವ ಕಾಲ. ಮಾವ ಇದ್ದಕ್ಕಿದ್ದಂತೆ ನನ್ನ ಅಂಗಿಯ ಕಾಲರ್ ಹಿಡಿದು ನಿಲ್ಲಿಸಿದರು. ಮಾತಿಲ್ಲ. ನನಗೆ ಮೊದಲು ಬಂದದ್ದು ವಾಸನೆ, ಹಳೆ ಕೊಟ್ಟಿಗೆಯ ಹಾಗೆ. ಆಮೇಲೆ ಹಲಸಿನ ತೊಳೆಯ ಸಿಹಿ ವಾಸನೆ. ಆಮೇಲೆ ಗುಡುಗುಡು ಅಂತ ಒಂದು ಸದ್ದು, ಆನೆಯ ಒಡಲಿನದು. ಮಾವ ಬಗ್ಗಿ ಮರದ ಬುಡದಿಂದ ಒಣ ಮಣ್ಣು ಒಂದು ಚಿಟಿಕೆ ತೆಗೆದು ಕೈಯಿಂದ ಬಿಟ್ಟರು. ಅದು ನಮ್ಮ ಕಡೆಗೇ ಹಾರಿತು. ಅಂದರೆ ಗಾಳಿ ಅದರ ಕಡೆಯಿಂದ ನಮ್ಮ ಕಡೆಗೆ, ನಮ್ಮ ವಾಸನೆ ಅದಕ್ಕೆ ಸಿಕ್ಕಿಲ್ಲ. ನನ್ನನ್ನು ಹಿಂದಕ್ಕೆ ಒಂದು ಹೆಜ್ಜೆ ಎಳೆದರು. ನಿಂತರು. ಇನ್ನೊಂದು ಹೆಜ್ಜೆ. ಹೀಗೆ ರಸ್ತೆಗೆ ಬರಲು ಅರ್ಧ ಗಂಟೆ ಆಗಿರಬೇಕು. ಆನೆಯ ಕಿವಿ ತುದಿಯನ್ನೂ ನಾನು ನೋಡಲಿಲ್ಲ. ಇವತ್ತಿಗೂ ಮಂಜಿನ ಬೆಳಗ್ಗೆ ಆ ಚಿಟಿಕೆ ಮಣ್ಣು ಕಣ್ಣ ಮುಂದೆ ಬರುತ್ತದೆ.

ನಿಮ್ಮ ಮಕ್ಕಳಿಗೆ ಇದನ್ನು ಓದಿ ಹೇಳಿ. ಆನೆ ಕಾಣದೆಯೂ ಆನೆಯ ಕತೆ ಬರೆಯಬಹುದು.

ಶನಿವಾರದ ಓದು

ರೊಬಸ್ಟಾ ಅವರೇ, ಓದುವಾಗ ನನ್ನ ಕೈ ತಣ್ಣಗಾಯಿತು. ಖಂಡಿತ ಓದಿ ಹೇಳುತ್ತೇನೆ.

ದ್ವೀಪ

ಹುಡುಗರ ಕತೆ ಮಾತ್ರ ಓದಿಸಬೇಡಿ. ಸ್ಕಾಟ್ ಓಡೆಲ್ ಅವರ ‘ಐಲ್ಯಾಂಡ್ ಆಫ್ ದಿ ಬ್ಲೂ ಡಾಲ್ಫಿನ್ಸ್’ ತಗೊಳ್ಳಿ. 1960ರ ಪುಸ್ತಕ. ಕರಾನಾ ಅನ್ನುವ 12 ವರ್ಷದ ಹುಡುಗಿ. ಊರಿನವರೆಲ್ಲ ಹಡಗು ಹತ್ತಿದ್ದಾರೆ, ತಮ್ಮ ದಡದಲ್ಲೇ ಉಳಿದಿದ್ದಾನೆ. ಅವಳು ಹಡಗಿನಿಂದ ಸಮುದ್ರಕ್ಕೆ ಹಾರಿ ಈಜಿ ವಾಪಸ್ ಬರುತ್ತಾಳೆ. ಅದೇ ತಮ್ಮನನ್ನು ಕಾಡುನಾಯಿಗಳು ಕೊಲ್ಲುತ್ತವೆ. ಆಮೇಲೆ ಅವಳೊಬ್ಬಳೇ.

ಅವಳ ಮೊದಲ ಕಷ್ಟ ಮನಸ್ಸಿನ ಒಳಗಿನದು. ಹೆಂಗಸರು ಆಯುಧ ಮಾಡಬಾರದು, ಮಾಡಿದರೆ ಕೆಡುಕು ಆಗುತ್ತದೆ ಅಂತ ಅವಳ ಜನರ ಕಟ್ಟಳೆ. ಮಾಡದಿದ್ದರೆ ನಾಯಿಗಳ ಬಾಯಿಗೆ ಬೀಳುತ್ತಾಳೆ. ಹೆದರಿಕೊಂಡೇ ಬಿಲ್ಲು ಮಾಡುತ್ತಾಳೆ, ಈಟಿ ಮಾಡುತ್ತಾಳೆ. ಮುಂದೆ ನಾಯಿಗಳ ನಾಯಕನಿಗೆ ಬಾಣ ಹೊಡೆಯುತ್ತಾಳೆ. ಅದು ಸಾಯದೆ ಬಿದ್ದಿರುವುದನ್ನು ಕಂಡು ಮನೆಗೆ ಹೊತ್ತು ತಂದು ಸಾಕುತ್ತಾಳೆ. ತಮ್ಮನನ್ನು ಕೊಂದ ಗುಂಪಿನ ನಾಯಿ! ಒಂಟಿತನ ಎಷ್ಟು ದೊಡ್ಡದು ಅಂತ ನನಗೆ ತಿಳಿದದ್ದು ಅಲ್ಲಿ. ಹಸಿವಿಗೆ ಶಂಖ, ಮೀನು ಸಿಗುತ್ತದೆ. ಮಾತಿಗೆ ಯಾರೂ ಸಿಗುವುದಿಲ್ಲ.

ಈ ಕತೆಗೆ ನಿಜದ ಬೇರು ಇದೆ. ಕ್ಯಾಲಿಫೋರ್ನಿಯಾ ಕರಾವಳಿಯ ಸ್ಯಾನ್ ನಿಕೊಲಸ್ ದ್ವೀಪದಲ್ಲಿ 1835ರಿಂದ 1853ರ ತನಕ, 18 ವರ್ಷ, ಒಬ್ಬ ಹೆಂಗಸು ಒಂಟಿಯಾಗಿ ಬದುಕಿದ್ದರು. ಊರಿಗೆ ಕರೆತಂದ ಏಳೇ ವಾರದಲ್ಲಿ ಕಾಯಿಲೆ ಬಂದು ತೀರಿಕೊಂಡರು. ಕಾದಂಬರಿ ಅಲ್ಲಿಯ ತನಕ ಹೋಗುವುದಿಲ್ಲ. ನನಗೆ ಮಾತ್ರ ಪುಸ್ತಕ ಮುಚ್ಚಿದ ಮೇಲೆ ಕಾಡಿದ್ದು ಅದೇ.

ಗೋವಿನ ಹಾಡು

ನಾವೆಲ್ಲ ಅಪಾಯದ ಕತೆ ಮೊದಲು ಕೇಳಿದ್ದು ಪುಣ್ಯಕೋಟಿಯದು. ಅಲ್ಲಿ ಹುಲಿ ಮಾತು ಕೇಳುತ್ತದೆ, ನಾಚುತ್ತದೆ. ಮಕ್ಕಳ ಮನಸ್ಸಲ್ಲಿ ಅದೇ ಅಚ್ಚು ಕೂತಿದೆ: ಒಳ್ಳೆಯವರು ಗೆಲ್ಲುತ್ತಾರೆ. ಆ ಹಾಡು ಇವತ್ತಿಗೂ ನನ್ನ ಕಣ್ಣು ತುಂಬಿಸುತ್ತದೆ. ಆದರೆ ಈ ಕಾದಂಬರಿಗಳ ಮಳೆಗೆ, ಚಳಿಗೆ ಕಿವಿ ಇಲ್ಲ. ಮಗು ಒಳ್ಳೆಯದೋ ಕೆಟ್ಟದ್ದೋ ಅಂತ ಹೊಳೆ ಕೇಳುವುದಿಲ್ಲ. ಈ ವ್ಯತ್ಯಾಸವನ್ನು ಮಕ್ಕಳ ಜೊತೆ ಕೂತು ಮಾತಾಡಿ, ಅವರ ಕತೆಗಳು ತಾವೇ ಬದಲಾಗುತ್ತವೆ.

ಹಳೇ ಪೇಪರ್

ಕಾದಂಬರಿ ಜೊತೆಗೆ ನಿಜ ಘಟನೆಗಳನ್ನೂ ಹೇಳಿ.

1971ರ ಡಿಸೆಂಬರ್ 24. ಪೆರು ದೇಶದಲ್ಲಿ ಸಿಡಿಲಿಗೆ ಸಿಕ್ಕಿ ವಿಮಾನ ಗಾಳಿಯಲ್ಲೇ ಒಡೆಯಿತು. 17 ವರ್ಷದ ಜೂಲಿಯಾನೆ ಕೋಪ್ಕೆ ಸೀಟಿನ ಸಮೇತ ಅಮೆಜಾನ್ ಕಾಡಿಗೆ ಬಿದ್ದಳು. ವಿಮಾನದಲ್ಲಿದ್ದವರಲ್ಲಿ ಬದುಕಿ ಬಂದದ್ದು ಅವಳೊಬ್ಬಳೇ. ಅಪ್ಪ ಅಮ್ಮ ಪ್ರಾಣಿಶಾಸ್ತ್ರದವರು, ಕಾಡಿನ ಸಂಶೋಧನಾ ಕೇಂದ್ರದಲ್ಲಿ ಅವಳು ಇದ್ದವಳು. ದಾರಿ ತಪ್ಪಿದರೆ ನೀರು ಹರಿಯುವ ದಿಕ್ಕಿಗೆ ಹೋಗು, ಅಲ್ಲಿ ಜನ ಸಿಗುತ್ತಾರೆ ಅಂತ ಅಪ್ಪ ಹೇಳಿದ್ದರು. ತೊರೆ ಹಿಡಿದು ನಡೆದಳು. 11 ದಿನ. ತೋಳಿನ ಗಾಯಕ್ಕೆ ಹುಳು ಬಿದ್ದಿತ್ತು. ಕೊನೆಗೆ ದಡದಲ್ಲಿ ಕಟ್ಟಿದ್ದ ಒಂದು ಮೋಟಾರ್ ದೋಣಿ ಸಿಕ್ಕಿತು. ಮನೆಯ ನಾಯಿಯ ಗಾಯಕ್ಕೆ ಅಪ್ಪ ಸೀಮೆಎಣ್ಣೆ ಹಾಕಿದ್ದು ನೆನಪಾಗಿ, ದೋಣಿಯ ಪೆಟ್ರೋಲನ್ನು ಗಾಯಕ್ಕೆ ಸುರಿದುಕೊಂಡಳು.

2023ರಲ್ಲಿ ಕೊಲಂಬಿಯಾದ ನಾಲ್ಕು ಮಕ್ಕಳು. ವಿಮಾನ ಬಿದ್ದು ಅಮ್ಮ ತೀರಿಕೊಂಡ ಮೇಲೆ 40 ದಿನ ಅಮೆಜಾನ್ ಕಾಡಲ್ಲಿ. ದೊಡ್ಡವಳಿಗೆ 13, ಚಿಕ್ಕದು ಇನ್ನೂ ಒಂದು ವರ್ಷ ತುಂಬದ ಕೂಸು. ವಿಮಾನದಲ್ಲಿದ್ದ ಮರಗೆಣಸಿನ ಹಿಟ್ಟು ಮೊದಲು ಆಯಿತು, ಆಮೇಲೆ ಕಾಡಿನ ಹಣ್ಣು. ಯಾವುದು ತಿನ್ನಬಹುದು ಅಂತ ಅವರಿಗೆ ಮನೆಯಿಂದಲೇ ಗೊತ್ತಿತ್ತು, ಕಾಡಿನ ಮೂಲನಿವಾಸಿ ಮಕ್ಕಳು.

ಕೊಡಗಿನ ಮಗುವಿಗೂ ಇದೇ ಬರೆಸಿ. ತೊರೆ ಹಿಡಿದು ಇಳಿದರೆ ಊರು ಸಿಗುತ್ತದೆ.

ಏಲಕ್ಕಿ ಮಲೆ

ಹಳೇ ಪೇಪರ್ ಅವರೇ, ಬೇಜಾರು ಮಾಡ್ಕೋಬೇಡಿ, ಕೊನೆಯ ಸಾಲಿಗೆ ನಾನು ಒಪ್ಪುವುದಿಲ್ಲ. ನಾನು ಮುಕ್ಕೋಡ್ಲು ಕಡೆಯವನು. 2018ರ ಆಗಸ್ಟಿನಲ್ಲಿ ನನಗೆ 12 ವರ್ಷ.

ಆ ವಾರ ಮಕ್ಕಂದೂರು, ಕಾಲೂರು, ಹಟ್ಟಿಹೊಳೆ, ಜೋಡುಪಾಲ ಎಲ್ಲಾ ಕಡೆ ಬೆಟ್ಟ ಜಾರಿದ್ದು ಎಲ್ಲರಿಗೂ ಗೊತ್ತು. ನಮ್ಮ ಮನೆ ಹಿಂದಿನ ಬರೆಯಲ್ಲಿ, ಅಂದರೆ ಕಡಿದಾದ ಮಣ್ಣಿನ ದಿಬ್ಬದಲ್ಲಿ, ಹಿಂದಿನ ದಿನವೇ ಬಿರುಕು ಬಿಟ್ಟಿತ್ತು. ಅಂಗಳದಲ್ಲಿ ಇಲ್ಲದ ಕಡೆ ಜಲ ಎದ್ದಿತ್ತು. ಕತ್ತಲಾಗುವ ಮುಂಚೆ ಹೊರಟೆವು. ಅಪ್ಪ ಊರಲ್ಲಿ ಇರಲಿಲ್ಲ. ಅಜ್ಜಿ, ಅಮ್ಮ, ನಾನು. ಹೊರಡುವ ಮೊದಲು ಅಜ್ಜಿ ಕೊಟ್ಟಿಗೆಗೆ ಹೋಗಿ ಮೂರೂ ಹಸುಗಳ ಹಗ್ಗ ಬಿಚ್ಚಿದರು. ಹಸು ಹೋಗುವುದಿಲ್ಲ, ಅಲ್ಲೇ ನಿಂತು ಅಜ್ಜಿಯ ಮುಖ ನೋಡುತ್ತದೆ. ಅಜ್ಜಿ ಕೋಲಿನಿಂದ ಒಂದೇ ಒಂದು ಏಟು ಹೊಡೆದು ಅದನ್ನು ಮೇಲಕ್ಕೆ ಓಡಿಸಿದರು. ಅವರು ಹಸುವಿಗೆ ಹೊಡೆದದ್ದು ನಾನು ಅದೊಂದೇ ಸಲ ನೋಡಿದ್ದು.

ನಮ್ಮ ದಾರಿ ಯಾವತ್ತೂ ತೋಡಿನ (ಸಣ್ಣ ತೊರೆಯ) ಪಕ್ಕದ್ದೇ. ಸಲೀಸು, ಹತ್ತಿರ. ತೋಡಿನ ಹತ್ತಿರ ಬಂದಾಗ ಅಜ್ಜಿ ನಿಂತರು. ಅಷ್ಟು ಮಳೆಗೆ ತುಂಬಿ ಹರಿಯಬೇಕಾದ ನೀರು ಕಡಿಮೆಯಾಗಿತ್ತು. ಬಣ್ಣ ಗಂಜಿಯ ಹಾಗೆ, ಕೆಂಪು. ಕೈ ಹಾಕಿ ನೋಡಿ, "ಮೇಲೆ ಎಲ್ಲೋ ಕಟ್ಟಿಕೊಂಡಿದೆ, ಇದರ ಪಕ್ಕ ಬೇಡ" ಅಂದರು. ಬೆಟ್ಟದ ಬೆನ್ನು ಹತ್ತಿ, ಕಾಡಿನ ಮರ ದಟ್ಟವಾಗಿದ್ದ ಕಡೆಯಿಂದ ಸುತ್ತು ಹಾಕಿದೆವು. ಎರಡು ಗಂಟೆಯ ದಾರಿ ರಾತ್ರಿಯೆಲ್ಲ ಆಯಿತು. ನಡುರಾತ್ರಿ ಕೆಳಗಡೆ ವಿಮಾನ ಇಳಿದ ಹಾಗೆ ಒಂದು ಸದ್ದು. ಮಣ್ಣಿನ ವಾಸನೆ ಬೆಟ್ಟದ ಮೇಲಿನ ತನಕ ಬಂತು. ಬೆಳಗಾದ ಮೇಲೆ ನೋಡಿದರೆ ತೋಡು ಇದ್ದ ಕಡೆ ಬರೀ ಕೆಂಪು.

ಅಮೆಜಾನಿಗೆ ಆ ಅಪ್ಪನ ಮಾತು ಸರಿ. ಅದು ಸಮತಟ್ಟಾದ ಕಾಡು. ಇಲ್ಲಿ ಮಳೆಗಾಲದಲ್ಲಿ ಕುಸಿದ ಮಣ್ಣು, ಮರ, ಬಂಡೆ ಎಲ್ಲ ನುಗ್ಗಿ ಬರುವುದು ತೋಡಿನ ದಾರಿಯಲ್ಲೇ. ಬೇಸಿಗೆಯಲ್ಲೂ ತೊರೆ ಹಿಡಿದು ಇಳಿದರೆ ಎಷ್ಟೋ ಕಡೆ ಅಬ್ಬಿಯ (ಜಲಪಾತದ) ತಲೆಗೆ ಬಂದು ನಿಲ್ಲುತ್ತೀರಿ, ಮುಂದೆ ಕೊರಕಲು. ನಮ್ಮ ಮಕ್ಕಳ ಕತೆಯಲ್ಲಿ ಈ ತಪ್ಪು ಆಗಬಾರದು ಅಂತಲೇ ಇಷ್ಟು ಉದ್ದ ಬರೆದೆ.

ಹಳೇ ಪೇಪರ್

ಬೇಜಾರೇನೂ ಇಲ್ಲ. ನಾನು ಬರೆದದ್ದು ತಪ್ಪು, ಒಪ್ಪಿಕೊಳ್ಳುತ್ತೇನೆ. ಮೂರು ಹಸುಗಳೂ ಉಳಿದವಾ?

ಏಲಕ್ಕಿ ಮಲೆ

ಎರಡು ಸಿಕ್ಕಿದವು.

ಕಕ್ಕಡದ ಅಡುಗೆ

ಊಟದ ವಿಷಯ ನಾನು ಹೇಳ್ತೇನೆ. ಮಕ್ಕಳ ಕತೆಯಲ್ಲಿ ಕಾಡಿಗೆ ಹೋದ ಕೂಡಲೇ ಹಣ್ಣು ಸಿಗುತ್ತದೆ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯಲ್ಲಿ, ಎಲ್ಲಿಯ ಹಣ್ಣು? ಆಗ ನಮ್ಮ ಕಾಡಲ್ಲಿ ಸಿಗುವುದು ಕಣಿಲೆ (ಎಳೆ ಬಿದಿರು), ಕೆಸ, ಮರಕೆಸ, ಅಣಬೆ. ಒಂದನ್ನೂ ಹಾಗೇ ಬಾಯಿಗೆ ಹಾಕುವಂತಿಲ್ಲ. ಕಣಿಲೆ ಹಸಿಯಲ್ಲಿ ವಿಷ. ಸಣ್ಣಗೆ ಹೆಚ್ಚಿ, ನೀರಲ್ಲಿ ನೆನೆಸಿ, ನೀರು ಬದಲಾಯಿಸಿ, ಆಮೇಲೆ ಬೇಯಿಸಬೇಕು. ಕೆಸ ಗಂಟಲು ತುರಿಸಿ ಪ್ರಾಣ ಹಿಂಡುತ್ತದೆ, ಹುಳಿ ಹಾಕಿ ಚೆನ್ನಾಗಿ ಬೇಯಿಸಲೇಬೇಕು. ಅಣಬೆಯಲ್ಲಿ ಯಾವುದು ಒಳ್ಳೆಯದು ಅಂತ ನಮ್ಮತ್ತೆ ಐವತ್ತು ವರ್ಷ ಆದ ಮೇಲೂ ಎರಡು ಸಲ ನೋಡುತ್ತಾರೆ.

ಸುತ್ತ ಹಸಿರೋ ಹಸಿರು, ಬೆಂಕಿ ಇಲ್ಲದಿದ್ದರೆ ತುತ್ತು ಇಲ್ಲ. ಕತೆಗೆ ಇದಕ್ಕಿಂತ ಒಳ್ಳೆಯ ಇಕ್ಕಟ್ಟು ಬೇಕಾ?

ಬೆಟ್ಟದ ದಾರಿ

ಕಕ್ಕಡದ ಮಳೆಯಲ್ಲಿ ಬೆಂಕಿ ಹೊತ್ತಿಸುವುದೇ ಒಂದು ಅಧ್ಯಾಯ ಆಗುತ್ತದೆ. ನೆಲದ ಮೇಲಿನ ಸೌದೆ ಸ್ಪಂಜಿನ ಹಾಗೆ. ಮರದಲ್ಲೇ ಒಣಗಿ ನಿಂತ ಕೊಂಬೆಯನ್ನು ಸೀಳಿದರೆ ಒಳಗಿನ ಭಾಗ ಒಣಗಿರುತ್ತದೆ. ಧೂಪದ ಮರದ ಅಂಟು ಸಿಕ್ಕಿದರೆ ಅದು ಒದ್ದೆಯಲ್ಲೂ ಹಿಡಿಯುತ್ತದೆ. ಆ ಮರದ ಗುರುತು ಗೊತ್ತಿರಬೇಕು, ಅಷ್ಟೇ.

ಇಂಬಳವನ್ನೂ (ಜಿಗಣೆ) ಮರೀಬೇಡಿ. ಕಚ್ಚಿದ್ದು ಗೊತ್ತಾಗುವುದಿಲ್ಲ, ಬಿದ್ದುಹೋದ ಮೇಲೂ ರಕ್ತ ನಿಲ್ಲುವುದಿಲ್ಲ, ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಪ್ರಾಣಕ್ಕೆ ಅಪಾಯ ಇಲ್ಲ, ಆದರೆ ಒಂಟಿಯಾದ ಮಗುವಿಗೆ ಕಾಲ್ಚೀಲ ಕೆಂಪಾದದ್ದು ಕಂಡರೆ ಎದೆ ಒಡೆಯುತ್ತದೆ. ನಿಜವಾದ ಅಪಾಯ ಚಳಿ. ಒದ್ದೆ ಬಟ್ಟೆ, ಗಾಳಿ, ರಾತ್ರಿ. ಹುಲಿಗಿಂತ ಇದನ್ನು ಬರೆಸಿ.

ನೆರಳು

ಒಂದು ಅನುಮಾನ. ಎಲ್ಲರೂ ಜಾಣತನ, ನೆನಪು ಅಂತಿದ್ದೀರಿ. ಬ್ರಯಾನ್ ಪಾರಾಗಿದ್ದು ಹೇಗೆ? ಸುಂಟರಗಾಳಿ ಬಂದು ಅವನ ಗುಡಿಸಲು, ಬೆಂಕಿ ಎಲ್ಲ ಹಾಳಾಯಿತು. ಅದೇ ಗಾಳಿ ಮುಳುಗಿದ್ದ ವಿಮಾನದ ಬಾಲವನ್ನು ನೀರಿನ ಮೇಲೆ ತಂದಿತು. ಒಳಗಿದ್ದ ಚೀಲದಲ್ಲಿ ಒಂದು ಯಂತ್ರ ಸಿಕ್ಕಿತು. ಅದು ಕೆಲಸ ಮಾಡುತ್ತಿದೆ ಅಂತ ತಿಳಿಯದೆಯೇ ಗುಂಡಿ ಒತ್ತಿದ. ಅದು ಅಪಾಯದ ಸಂಕೇತ ಕಳಿಸುವ ಯಂತ್ರ. ವಿಮಾನ ಬಂತು. ಇದು ಅದೃಷ್ಟ ಅಲ್ವಾ?

ಶನಿವಾರದ ಓದು

ಅದೃಷ್ಟವೇ. ನಾನು ಇದನ್ನು ಎಷ್ಟೋ ಯೋಚಿಸಿದ್ದೇನೆ. ಆದರೆ ಆ ಗುಂಡಿ ಒತ್ತಲು 54ನೇ ದಿನ ಅವನು ಜೀವಂತ ಇರಬೇಕಿತ್ತಲ್ಲ. ಆ ಚೀಲ ತರಲು ತೆಪ್ಪ ಕಟ್ಟಿಕೊಂಡು ಹೋಗುತ್ತಾನೆ. ವಿಮಾನದ ಮೈ ಕತ್ತರಿಸುವಾಗ ಕೊಡಲಿ ಜಾರಿ ಕೆರೆಗೆ ಬೀಳುತ್ತದೆ. ಮುಳುಗಿ, ಉಸಿರು ಕಟ್ಟಿ, ಮೇಲೆ ಬಂದು, ಮತ್ತೆ ಮುಳುಗಿ ತರುತ್ತಾನೆ. ಮೊದಲ ದಿನದ ಬ್ರಯಾನ್ ಆಗಿದ್ದರೆ ದಡದಲ್ಲೇ ಕೂತು ಅಳುತ್ತಿದ್ದ. ಅದೃಷ್ಟವನ್ನು ಕತೆಯ ಶುರುವಿನಲ್ಲಿ ಇಟ್ಟರೆ ಮಕ್ಕಳ ಹುಲಿ ಕತೆ ಆಗುತ್ತದೆ. ಇಲ್ಲಿ ಅದು ಬರುವ ಹೊತ್ತಿಗೆ ಹುಡುಗ ಅದಕ್ಕೆ ಕೈ ಚಾಚುವಷ್ಟು ಬೆಳೆದಿದ್ದಾನೆ. ನನಗೆ ಅದರಲ್ಲಿ ಮೋಸ ಕಾಣುವುದಿಲ್ಲ.

ದ್ವೀಪ

ಯಾನ್ ಮಾರ್ಟೆಲ್ ಅವರ ‘ಲೈಫ್ ಆಫ್ ಪೈ’ ಕೂಡ ನೆನಪಾಯಿತು. ಪಾಂಡಿಚೇರಿಯ 16 ವರ್ಷದ ಹುಡುಗ, ದೋಣಿಯಲ್ಲಿ ಹುಲಿಯ ಜೊತೆ 227 ದಿನ. ಹುಲಿ ಇಲ್ಲದಿದ್ದರೆ ತಾನು ಯಾವತ್ತೋ ಕೈಚೆಲ್ಲುತ್ತಿದ್ದೆ ಅನ್ನುವುದು ಅವನ ಅನಿಸಿಕೆ. ಹುಲಿಗೆ ನೀರು, ಮೀನು ಕೊಡುವ ಕೆಲಸವೇ ಅವನಿಗೆ ದಿನಚರಿ. ಕೊಲ್ಲದೆಯೂ ಹುಲಿ ಕತೆ ಬರೆಯಬಹುದು ಅಂತ ಆ ಒಂಬತ್ತು ಮಕ್ಕಳಿಗೆ ಹೇಳಿ.

ಎರಡು ಮಕ್ಕಳ ಅಮ್ಮ

ಒಂದು ಕಳವಳ ಹೇಳಲೇಬೇಕು. ಇಂಥ ಕತೆ ಕೇಳಿ ಮಕ್ಕಳು ಕಾಡಿಗೆ ಹೊರಟುಬಿಟ್ಟರೆ? ನನ್ನ ಮಗ ಕಳೆದ ವರ್ಷ ಹೇಳದೆ ಕೇಳದೆ ತೋಟದ ಆಚೆ ಬೆಟ್ಟಕ್ಕೆ ಹೋಗಿ ಸಂಜೆ ಏಳಕ್ಕೆ ಬಂದ. ಆ ಮೂರು ಗಂಟೆ ನಾನು ಹೇಗಿದ್ದೆ ಅಂತ ನನಗೇ ಗೊತ್ತು.

ಬೆಟ್ಟದ ದಾರಿ

ನಿಮ್ಮ ಕಳವಳ ಸರಿಯಾದ್ದೇ. ಅದನ್ನೂ ಕತೆಯೊಳಗೆ ತನ್ನಿ ಅಂತೀನಿ. ಚಾರಣಕ್ಕೆ ಮಕ್ಕಳನ್ನು ಕರೆದೊಯ್ಯುವಾಗ ನಾವು ಮೊದಲು ಕಲಿಸುವುದು ಇಷ್ಟು: ಎಲ್ಲಿಗೆ ಹೋಗ್ತೀ, ಎಷ್ಟು ಹೊತ್ತಿಗೆ ಬರ್ತೀ ಅಂತ ಮನೆಯಲ್ಲಿ ಹೇಳಿ ಬಾ. ದಾರಿ ತಪ್ಪಿದರೆ ನಿಂತ ಜಾಗದಲ್ಲೇ ನಿಲ್ಲು. ಕೊರಳಲ್ಲಿ ಸೀಟಿ ಇರಲಿ. ಕೂಗಿದರೆ ಗಂಟಲು ಹೋಗುತ್ತದೆ, ಸೀಟಿ ಹೋಗುವುದಿಲ್ಲ.

2018ರಲ್ಲೇ, ನಮ್ಮ ಬೆಟ್ಟಗಳು ಜಾರುವ ಸ್ವಲ್ಪ ಮುಂಚೆ, ಥಾಯ್ಲೆಂಡಿನ ಗುಹೆಯಲ್ಲಿ 12 ಹುಡುಗರು ಮತ್ತು ಅವರ ಕೋಚ್ ಸಿಕ್ಕಿಬಿದ್ದಿದ್ದರು. ಹೊರಗೆ ನಿಲ್ಲಿಸಿದ್ದ ಸೈಕಲ್‌ಗಳಿಂದ ಅವರು ಒಳಗಿದ್ದಾರೆ ಅಂತ ಗೊತ್ತಾಯಿತು. ಮುಳುಗುಗಾರರು ಕಂಡುಹಿಡಿಯುವ ತನಕ ಒಂಬತ್ತು ದಿನ ಗೋಡೆಯಿಂದ ತೊಟ್ಟಿಕ್ಕುವ ನೀರು ಕುಡಿದುಕೊಂಡು, ಒಟ್ಟಿಗೆ ಕೂತು, ಶಕ್ತಿ ಉಳಿಸಿಕೊಂಡು ಕಾದರು. ಸುಮ್ನೆ ಕೂರುವುದನ್ನೂ ಕತೆ ಮಾಡಬಹುದು.

ಶನಿವಾರದ ಓದು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಶನಿವಾರ. ಇಲ್ಲಿ ಬಂದದ್ದನ್ನೆಲ್ಲ ಓದಿ ಹೇಳಿದೆ. ಚಿಟಿಕೆ ಮಣ್ಣಿನ ಜಾಗದಲ್ಲಿ ಒಬ್ಬ ಹುಡುಗ ಎದ್ದು ಹೋಗಿ ಕಿಟಕಿಯಿಂದ ಹೊರಗೆ ನೋಡಿದ. ಹಸುವಿನ ಜಾಗದಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಮತ್ತೆ ಬರೆಯಲು ಕೂತರು. ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಬರೆದದ್ದರಲ್ಲಿ ಸ್ವಲ್ಪ ಇಲ್ಲಿ ಹಾಕುತ್ತಿದ್ದೇನೆ, ಅವಳನ್ನು ಕೇಳಿಯೇ. ಅಕ್ಕ ತಮ್ಮ, ಬರೆ ಕುಸಿದು ದಾರಿ ಮುಚ್ಚಿದೆ, ಬಂಡೆಯ ಕೆಳಗೆ ಕೂತಿದ್ದಾರೆ.

*"ಬೆಂಕಿಪೊಟ್ಟಣದಲ್ಲಿ ಮೂರು ಕಡ್ಡಿ ಇತ್ತು. ನಾನು ಅವಸರ ಮಾಡಿದೆ. ಮೊದಲನೇದು ಮುರಿದು ಹೋಯಿತು, ಮದ್ದು ಉದುರಿತು. ತಮ್ಮ ಅಳಲು ಶುರು ಮಾಡಿದ. ನನಗೂ ಅಳು ಬಂತು. ಸ್ವಲ್ಪ ಹೊತ್ತು ಇಬ್ಬರೂ ಅತ್ತೆವು. ಆಮೇಲೆ ಅಜ್ಜಿ ನೆನಪಾದರು. ಮಳೆಗಾಲದಲ್ಲಿ ಅಜ್ಜಿ ಕಡ್ಡಿಯನ್ನು ತಲೆಕೂದಲಿಗೆ ತಿಕ್ಕಿ ಆಮೇಲೆ ಗೀರುತ್ತಾರೆ. ನನ್ನ ಕೂದಲು ಮುಟ್ಟಿ ನೋಡಿದೆ. ನೀರು ಸುರಿಯುತ್ತಿತ್ತು. ತಮ್ಮನನ್ನು ನೋಡಿದೆ. ಅವನಿಗೆ ನಾನು ಬೆಳಗ್ಗೆಯಿಂದ ಪ್ಲಾಸ್ಟಿಕ್ ಕೊಪ್ಪೆ ಹಾಕಿದ್ದೆ. ಕೊಪ್ಪೆಯ ಒಳಗೆ ಕೈ ಹಾಕಿದೆ. ಅವನ ತಲೆ ಬೆಚ್ಚಗೆ, ಒಣಗಿತ್ತು. ಅಲುಗಬೇಡ ಅಂದೆ. ಎರಡನೇ ಕಡ್ಡಿಯನ್ನು ಅವನ ಕೂದಲಿಗೆ ಮೆಲ್ಲಗೆ ತಿಕ್ಕಿದೆ. ನೂರು ಎಣಿಸುವ ತನಕ ತಿಕ್ಕಿದೆ. ಗೀರುವ ಮೊದಲು ಪೊಟ್ಟಣ ನೋಡಿದೆ. ಪೊಟ್ಟಣದ ಗೀರುವ ಬದಿಯೂ ಒದ್ದೆ. ಹಾಗಾಗಿ ಗೀರಲಿಲ್ಲ. ಎರಡೂ ಕಡ್ಡಿ, ಪೊಟ್ಟಣ ಎಲ್ಲ ಅವನ ಕೊಪ್ಪೆಯ ಒಳಗೆ ತಲೆಯ ಮೇಲೆ ಇಟ್ಟೆ. ಇನ್ನು ಕಾಯಬೇಕು. ಕತ್ತಲಾಗುತ್ತಿತ್ತು."*

ರೊಬಸ್ಟಾ

ಆಮೇಲೆ?

ಶನಿವಾರದ ಓದು

ನಾನೂ ಕೇಳಿದೆ. ಪೊಟ್ಟಣ ಒಣಗಲು ನಿಜವಾಗಿ ಎಷ್ಟು ಹೊತ್ತು ಬೇಕು ಅಂತ ಮನೆಯಲ್ಲಿ ನೋಡಿ ಬರೆಯುತ್ತಾಳಂತೆ. ತಮ್ಮನ ತಲೆ ಮೇಲೆ ಇಟ್ಟು.